ಮನಸ್ಸು ಚೇತರಿಸಿಕೊಳ್ಳುವಾಗ ತಟ್ಟೆಯಲ್ಲಿ ಏನಿರಬೇಕು, ಎಷ್ಟು ಹೊತ್ತಿಗೆ ಇರಬೇಕು

ನನ್ನ ತಮ್ಮನಿಗೆ ಖಿನ್ನತೆ ಇದೆ ಎಂದು ಗೊತ್ತಾದ ವಾರ ನಮ್ಮ ಮನೆಗೆ ಬಾದಾಮಿ ಬಂತು. ಅಕ್ರೋಟು ಬಂತು. ಮಲ್ಲೇಶ್ವರದ ಅತ್ತೆ ಜೇನುತುಪ್ಪ ಕಳಿಸಿದರು. ಡಾರ್ಕ್ ಚಾಕೊಲೇಟ್ ಒಳ್ಳೆಯದಂತೆ ಎಂದು ಇನ್ಯಾರೋ ಅಂದರು. ಎಲ್ಲರೂ ಪ್ರೀತಿಯಿಂದ ತಂದದ್ದೇ. ಅವನು ಯಾವುದನ್ನೂ ಮುಟ್ಟಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರ್ ಅವನನ್ನು ಕೇಳಿದ್ದು ಏನು ತಿಂದಿರಿ ಎಂದಲ್ಲ. "ನಿನ್ನೆ ಮೊದಲ ತುತ್ತು ಎಷ್ಟು ಹೊತ್ತಿಗೆ ತಿಂದಿರಿ?" ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, "ಸಾಯಂಕಾಲ ನಾಲ್ಕಕ್ಕಿರಬೇಕು" ಎಂದ. ಪಕ್ಕದಲ್ಲೇ ಕೂತಿದ್ದ ನನಗೆ ಎದೆ ಧಸಕ್ಕೆಂದಿತು. ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಆ ಪ್ರಶ್ನೆಯಿಂದ ನಾವು ಕಲಿತದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಖಿನ್ನತೆ, ಆತಂಕ, ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರುವ, ಒಮ್ಮೆ ಕುಸಿಯುವ ಕಾಯಿಲೆ) ಅಥವಾ ಬೇರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ತಗೊಳ್ಳುತ್ತಾ ಚೇತರಿಸಿಕೊಳ್ಳುತ್ತಿರುವವರಿಗೆ ಇದು. ಅವರ ಜೊತೆ ಇರುವವರಿಗೂ ಹೌದು. ನಾನು ಡಾಕ್ಟರ್ ಅಲ್ಲ, ಅಡುಗೆಮನೆಯ ಕಡೆಯಿಂದ ಈ ಕಾಯಿಲೆಯನ್ನು ನೋಡಿದವಳು. ಊಟ ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಮಾತ್ರೆಯ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತದೆ.

ಮೊದಲು ಎಚ್ಚರಿಕೆಯ ಮಾತು. ಮನೆಯಲ್ಲಿ ಯಾರಾದರೂ ದಿನಗಟ್ಟಲೆ ಊಟ ಬಿಟ್ಟಿದ್ದರೆ, ನೀರೂ ಕುಡಿಯುತ್ತಿಲ್ಲವಾದರೆ, ಬದುಕುವುದೇ ಬೇಡ ಎನ್ನುವ ಮಾತು ಬಂದರೆ, ಈ ಹೆಜ್ಜೆಗಳು ಆಮೇಲೆ. ಮೊದಲು ಆಸ್ಪತ್ರೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 24 ಗಂಟೆಯೂ ತುರ್ತು ಸೇವೆ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ತುಂಬಾ ದಿನ ಹೊಟ್ಟೆ ಖಾಲಿ ಬಿಟ್ಟವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ಬಡಿಸಬೇಡಿ. ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ ಆಗಬಹುದು. ಅಂಥವರಿಗೆ ಮತ್ತೆ ಊಟ ಶುರು ಮಾಡಿಸುವುದು ಡಾಕ್ಟರ್ ಕಣ್ಣಮುಂದೆಯೇ ಆಗಬೇಕು. ದಪ್ಪ ಆಗುತ್ತೇನೆಂಬ ಭಯದಿಂದ ಊಟ ಬಿಡುವವರು, ತಿಂದು ವಾಂತಿ ಮಾಡಿಕೊಳ್ಳುವವರು ಕೂಡ ಇದನ್ನು ಓದಿ ಸ್ವಂತ ಪಥ್ಯ ಶುರು ಮಾಡಬಾರದು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಹೆಜ್ಜೆ 1: ಐದು ದಿನ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ

ಗೋಡೆಯ ಕ್ಯಾಲೆಂಡರ್ ಸಾಕು. ಎದ್ದದ್ದು ಎಷ್ಟಕ್ಕೆ, ಮೊದಲ ತುತ್ತು ಎಷ್ಟಕ್ಕೆ, ಕಾಫಿ ಟೀ ಎಷ್ಟು ಲೋಟ, ಕೊನೆಯ ಲೋಟ ಎಷ್ಟಕ್ಕೆ, ಮಾತ್ರೆ ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ. ಮನಸ್ಸು ಹೇಗಿತ್ತು ಅನ್ನೋದಕ್ಕೆ ಹತ್ತರಲ್ಲಿ ಒಂದು ಅಂಕ. ಅಷ್ಟೇ. ನಮ್ಮ ಕ್ಯಾಲೆಂಡರ್‌ನಲ್ಲಿ ಎರಡನೇ ದಿನವೇ ವಿಷಯ ಕಾಣಿಸಿತು. ದಿನಕ್ಕೆ ಐದು ಕಾಫಿ, ಒಂದು ಊಟ, ರಾತ್ರಿ ಎರಡು ಗಂಟೆಗೆ ಬಿಸ್ಕತ್ತು.

ಇದೇ ಹೊತ್ತಿನಲ್ಲಿ ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆಯ ಮಾತೆತ್ತಿ. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ, ಶುಗರ್. ಥೈರಾಯ್ಡ್ ಕಡಿಮೆ ಆದರೂ ಸುಸ್ತು, ಮಂಕು, ಬೇಸರ ಬರುತ್ತದೆ. ಬಿ12 ಕೊರತೆಯಿಂದಲೂ ಹಾಗೇ, ಜೊತೆಗೆ ಮರೆವು, ಕೈಕಾಲು ಜೋಮು. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಇದು ಜಾಸ್ತಿ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಬಿ12 ಇದೆ. ಸೊಪ್ಪು ತರಕಾರಿ ಕಾಳುಗಳಲ್ಲಿ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಿ ಕೂರಬೇಡಿ. ಕೊರತೆ ಆಗಿಬಿಟ್ಟಿದ್ದರೆ ಊಟದಿಂದ ತುಂಬಿಸಲು ಆಗುವುದಿಲ್ಲ, ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. ರಕ್ತಹೀನತೆಯನ್ನೂ ಹಗುರ ಮಾಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತ ಕಡಿಮೆ ಇತ್ತು. ಖಿನ್ನತೆಯ ಸುಸ್ತಿನ ಮೇಲೆ ಈ ಸುಸ್ತೂ ಕೂತರೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವಾಗುತ್ತದೆ.

ಹೆಜ್ಜೆ 2: ತಟ್ಟೆಗಿಂತ ಮೊದಲು ಗಡಿಯಾರ

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಏನು ತಿನ್ನುತ್ತಾರೆ ಅನ್ನೋದು ಒಂದು ತಿಂಗಳು ಬಿಟ್ಟು ನೋಡೋಣ. ಮೊದಲು ಹೊತ್ತು ಸರಿ ಮಾಡೋಣ.

ಮಿದುಳಿನ ತೂಕ ನಮ್ಮ ಮೈತೂಕದ ಶೇ. 2 ಮಾತ್ರ. ಆದರೆ ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಹೊಟ್ಟೆ ತುಂಬಾ ಹೊತ್ತು ಖಾಲಿ ಇದ್ದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಸಿಟ್ಟು ಬರುವುದು ಗಟ್ಟಿ ಇರುವವರಿಗೂ ಉಂಟು. ಆತಂಕದ ಕಾಯಿಲೆ ಇರುವವರಿಗೆ ಅದು ಕಾಯಿಲೆಯೇ ಮತ್ತೆ ಬಂತೇನೋ ಅನ್ನಿಸುತ್ತದೆ. ಇನ್ನೊಂದು ಕಾರಣವೂ ಇದೆ. ದೇಹಕ್ಕೆ ಒಳಗೇ ಒಂದು ಗಡಿಯಾರ ಇದೆ. ಬೆಳಗಿನ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ, ಊಟದ ಹೊತ್ತೂ ಕೊಡುತ್ತದೆ. ಖಿನ್ನತೆಯಲ್ಲಿ ನಿದ್ದೆ ಕೆಡುವುದು, ಬೈಪೋಲಾರ್‌ನಲ್ಲಿ ನಿದ್ದೆ ತಪ್ಪಿ ಮನಸ್ಸು ಏರುವುದು, ಎರಡಕ್ಕೂ ದಿನಚರಿ ಒಂದು ಆಸರೆ.

ಹಾಗಂತ ಬೆಳಿಗ್ಗೆ ಹನ್ನೊಂದಕ್ಕೆ ಏಳುವವರನ್ನು ನಾಳೆಯಿಂದ ಏಳೂವರೆಗೆ ತಿಂಡಿಗೆ ಕೂರಿಸಲು ಹೋಗಬೇಡಿ. ನಾನು ಹೋದೆ. ಮೂರೇ ದಿನಕ್ಕೆ ಮನೆಯಲ್ಲಿ ಮಾತು ನಿಂತಿತು. ಆಮೇಲೆ ಮಾಡಿದ್ದು ಇಷ್ಟು. ಅವನು ಎದ್ದ ಅರ್ಧ ಗಂಟೆಯೊಳಗೆ ಏನಾದರೂ ಒಂದು ಹೊಟ್ಟೆಗೆ. ಒಂದು ಏಲಕ್ಕಿ ಬಾಳೆಹಣ್ಣಾದರೂ ಸರಿ. ಕಿಟಕಿಯ ಪಕ್ಕದಲ್ಲಿ, ಬೆಳಕು ಬೀಳುವ ಕಡೆ. ನಾಲ್ಕು ದಿನ ಅದು ನಡೆದ ಮೇಲೆ ಕಾಲು ಗಂಟೆ ಹಿಂದಕ್ಕೆ ತಂದೆವು. ಹನ್ನೊಂದೂವರೆಯಿಂದ ಒಂಬತ್ತಕ್ಕೆ ಬರಲು ಏಳು ವಾರ ಹಿಡಿಯಿತು.

ದಿನಕ್ಕೆ ಮೂರು ಹೊತ್ತು ಗೊತ್ತುಮಾಡಿ. ಆ ಹೊತ್ತಿಗೆ ತಟ್ಟೆ ಮುಂದೆ ಬರಬೇಕು. ಎಷ್ಟು ತಿಂದರು ಅನ್ನೋದನ್ನು ಲೆಕ್ಕ ಹಾಕಬೇಡಿ. ಎರಡು ತುತ್ತು ತಿಂದು ಎದ್ದರೂ ಆ ಹೊತ್ತು ನಡೆಯಿತು ಎಂದೇ ಬರೆದುಕೊಳ್ಳಿ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲು ಮುಗಿದರೆ ಒಳ್ಳೆಯದು.

ಹೆಜ್ಜೆ 3: ಶಕ್ತಿ ಇಲ್ಲದ ದಿನಕ್ಕೆ ಬೇರೆ ಅಡುಗೆಮನೆ

ಖಿನ್ನತೆಯಲ್ಲಿ ಊಟ ಸೇರುವುದಿಲ್ಲ ಎನ್ನುತ್ತೇವೆ. ಆದರೆ ಎಷ್ಟೋ ಸಲ ಹಸಿವಿರುತ್ತದೆ, ಎದ್ದು ಒಲೆ ಹಚ್ಚುವ ಬಲ ಇರುವುದಿಲ್ಲ. ಈರುಳ್ಳಿ ಹೆಚ್ಚುವುದು, ಕುಕ್ಕರ್ ಇಡುವುದು, ಆಮೇಲೆ ಪಾತ್ರೆ ತೊಳೆಯುವುದು, ಇದನ್ನೆಲ್ಲ ನೆನೆಸಿಕೊಂಡೇ ಮತ್ತೆ ಮಲಗುತ್ತಾರೆ. ಇದು ಸೋಮಾರಿತನ ಅಲ್ಲ. ಕಾಯಿಲೆಯ ಲಕ್ಷಣ. ಅದಕ್ಕೇ ಕೆಟ್ಟ ದಿನದ ಊಟವನ್ನು ಒಳ್ಳೆಯ ದಿನವೇ ಯೋಚಿಸಿ ಇಡಬೇಕು.

ನಮ್ಮ ಮನೆಯಲ್ಲಿ ಕೈಗೆ ಎಟುಕುವ ಎತ್ತರದಲ್ಲಿ ಒಂದು ಶೆಲ್ಫ್ ಇದಕ್ಕೇ ಮೀಸಲು. ಅಲ್ಲಿರುವುದರಲ್ಲಿ ರಾಗಿ ಹುರಿಹಿಟ್ಟಿಗೆ ನನ್ನ ಮೊದಲ ಓಟು. ಅರಳಿಸಿದ ರಾಗಿಯ ಹಿಟ್ಟು, ಬೇಯಿಸಬೇಕಾಗಿಲ್ಲ. ಲೋಟಕ್ಕೆ ಮೂರು ಚಮಚ ಹುರಿಹಿಟ್ಟು, ಬೆಲ್ಲದ ಪುಡಿ, ಹಾಲು, ಕದಡಿದರೆ ಆಯಿತು. ಹಳೇ ಮೈಸೂರು ಕಡೆಯ ಅಜ್ಜಿಯರು ಬಾಣಂತಿಗೂ ಮಗುವಿಗೂ ಕೊಡುತ್ತಿದ್ದದ್ದೇ. ಗಾಂಧಿ ಬಜಾರ್, ಮಲ್ಲೇಶ್ವರದ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಪ್ಯಾಕೆಟ್ ಸಿಗುತ್ತದೆ. ಆಮೇಲೆ ತೆಳು ಅವಲಕ್ಕಿ. ಮೊಸರು, ಉಪ್ಪು ಹಾಕಿ ಐದು ನಿಮಿಷ ಬಿಟ್ಟರೆ ಊಟ. ಹುರಿಗಡಲೆ, ಹುರಿದ ಕಡಲೆಬೀಜ, ಕಡಲೆ ಚಿಕ್ಕಿ ಡಬ್ಬಿಗಳಲ್ಲಿ ಇರುತ್ತವೆ. ಕಾರ್ತಿಕದಲ್ಲಿ ಬಸವನಗುಡಿ ಪರಿಷೆಯಿಂದ ಎರಡು ಸೇರು ಕಡಲೆಕಾಯಿ ತಂದಿಟ್ಟರೆ ಕೆಲವು ವಾರದ ಚಿಂತೆ ಇಲ್ಲ. ಚಟ್ನಿಪುಡಿ ತುಪ್ಪ ಅನ್ನ ಅಂತೂ ಇದ್ದೇ ಇದೆ.

ಸ್ವಲ್ಪ ಬಲ ಇರುವ ದಿನಕ್ಕೆ ಒಂದೇ ಪಾತ್ರೆಯ ಅಡುಗೆ. ಅಕ್ಕಿ ಹೆಸರುಬೇಳೆ ಸಮಸಮ ಹಾಕಿ ಮೆತ್ತಗೆ ಪೊಂಗಲ್. ಕುಕ್ಕರ್‌ನಲ್ಲಿ ಮೊಟ್ಟೆ ಬೇಯಿಸಿಟ್ಟರೆ ಸಿಪ್ಪೆ ಸುಲಿಯದೆ ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತವೆ. ಒಳ್ಳೆಯ ದಿನ ಬೇಳೆ ಬೇಯಿಸಿ, ಕಾಳು ನೆನೆಸಿ ಬೇಯಿಸಿ, ಚಿಕ್ಕ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿ. ತಟ್ಟೆ ತೊಳೆಯುವುದೂ ಕಷ್ಟವೆಂದರೆ ಅಡಿಕೆ ತಟ್ಟೆ, ಮುತ್ತುಗದ ಎಲೆ ಇಟ್ಟುಕೊಳ್ಳಿ. ನಾಚಿಕೆ ಬೇಡ. ಮುರಿದ ಕಾಲಿಗೆ ಊರುಗೋಲು ಕೊಟ್ಟ ಹಾಗೆ ಇದೂ.

ಹೆಜ್ಜೆ 4: ತಿನ್ನುತ್ತಿರುವುದಕ್ಕೇ ಒಂದಿಷ್ಟು ಸೇರಿಸಿ

ಹೊತ್ತು ಕೂತ ಮೇಲೆ ತಟ್ಟೆಯ ಕಡೆ ಬನ್ನಿ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಎಂಬ ಸಂಶೋಧಕಿಯ ತಂಡ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಖಿನ್ನತೆ ಇದ್ದ 67 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಆಹಾರದ ಸಲಹೆ, ಇನ್ನೊಂದಕ್ಕೆ ಅಷ್ಟೇ ಹೊತ್ತು ಸ್ನೇಹದ ಮಾತುಕತೆ. ಹೆಚ್ಚಿನವರು ಮಾತ್ರೆ ಅಥವಾ ಥೆರಪಿಯ ಜೊತೆಗೇ ಇದನ್ನೂ ಮಾಡಿದರು. ಕೊನೆಯಲ್ಲಿ ಆಹಾರದ ಗುಂಪಿನ ಸುಮಾರು ಮೂರನೇ ಒಂದು ಭಾಗದ ಜನ ಖಿನ್ನತೆಯಿಂದ ಹೊರಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಅದು ಶೇ. 8. ಅಧ್ಯಯನ ಚಿಕ್ಕದು, ಅದೊಂದರಿಂದಲೇ ಎಲ್ಲ ತೀರ್ಮಾನ ಮಾಡಲು ಆಗದು. ಆದರೆ ಅವರು ತಿನ್ನಿಸಿದ್ದೇನು ನೋಡಿ. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳು, ಮೀನು, ಒಳ್ಳೆಯ ಎಣ್ಣೆ. ಸಿಹಿ, ಕರಿದದ್ದು, ಮೈದಾ ಕಡಿಮೆ.

ಇದಕ್ಕೆ ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಿಲ್ಲ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು ಇಟ್ಟರೆ ಅದೇ ಊಟ. ಸೊಪ್ಪು ಕಾಳು ಬೇಯಿಸಿದ ನೀರನ್ನೂ ಚೆಲ್ಲದೆ ಸಾರಾಗಿಸುವ ಅಡುಗೆ ಇನ್ನೆಲ್ಲಿದೆ? ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮಸ್ಸೊಪ್ಪು, ಹುರುಳಿಕಾಳು ಸಾರು, ನುಗ್ಗೆಸೊಪ್ಪಿನ ಪಲ್ಯ, ಹೆಸರುಬೇಳೆ ಕೋಸಂಬರಿ, ಎಲ್ಲವೂ ನಮ್ಮ ಕೈಯಲ್ಲೇ ಇದ್ದವು.

ಹೊಸ ಊಟ ಹೇರಬೇಡಿ. ಅವರು ಒಪ್ಪುವ ಊಟದೊಳಗೆ ಒಂದು ಹಿಡಿ ಸೇರಿಸಿ. ಉಪ್ಪಿಟ್ಟು ತಿನ್ನುತ್ತಾರಾ? ಅದರಲ್ಲಿ ಬಟಾಣಿ, ಕ್ಯಾರೆಟ್, ಹಿಡಿ ಕಡಲೆಬೀಜ. ಮೊಸರನ್ನ ಮಾತ್ರವಾ? ಅದಕ್ಕೆ ದಾಳಿಂಬೆ, ತುರಿದ ಸೌತೆಕಾಯಿ. ದೋಸೆ ಹಿಟ್ಟಿಗೆ ಎರಡು ಸೌಟು ರಾಗಿ ಹಿಟ್ಟು. ಅನ್ನಕ್ಕೆ ಹಾಕುವ ಸಾರಿನಲ್ಲಿ ಬೇಳೆ ಮೇಲಿನ ತಿಳಿಯಲ್ಲಿ ಇರುವುದಿಲ್ಲ, ತಳದಲ್ಲಿರುತ್ತದೆ. ತಳದಿಂದ ಕಲಕಿ ಬಡಿಸಿ. ಇಷ್ಟು ಚಿಕ್ಕ ವಿಷಯವೇ ಅನ್ನಿಸಬಹುದು, ಆದರೆ ದಿನಕ್ಕೆ ಎರಡು ಸಲ ಅಂದರೆ ತಿಂಗಳಿಗೆ ಅರವತ್ತು ಸೌಟು ಬೇಳೆ.

ಸೊಪ್ಪಿನ ಪಲ್ಯಕ್ಕೆ ಕೊನೆಯಲ್ಲಿ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಅದೇ ಕಬ್ಬಿಣಾಂಶ ಅಷ್ಟಾಗಿ ಹತ್ತುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಎರಡನ್ನೂ ಬಿಡಿ ಎಂದೇ ಹೇಳಿದೆ. ಮೀನು ತಿನ್ನುವವರು ವಾರಕ್ಕೆರಡು ಸಲ ಬೂತಾಯಿ, ಬಂಗುಡೆ ತಿನ್ನಲಿ. ಒಮೆಗಾ 3 ಕೊಬ್ಬು ಅದರಲ್ಲಿ ಚೆನ್ನಾಗಿದೆ, ಬೆಲೆಯೂ ದುಬಾರಿ ಅಲ್ಲ. ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ. ಅಗಸೆಯ ಒಮೆಗಾ 3 ಬೇರೆ ಬಗೆಯದು, ಮೀನಿನದಕ್ಕೆ ಪೂರ್ತಿ ಸಮ ಅಲ್ಲ. ಆದರೂ ಇರಲಿ. ಉತ್ತರ ಕರ್ನಾಟಕದ ರೊಟ್ಟಿ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಮನಸ್ಥಿತಿಗೆ ಸಂಬಂಧಿಸಿದ ಸೆರೊಟೊನಿನ್ ಎಂಬ ರಾಸಾಯನಿಕ ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ, ಹೊಟ್ಟೆ ಸರಿಯಾದರೆ ಮನಸ್ಸು ತಾನೇ ಸರಿಯಾಗುತ್ತದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಮೊದಲ ಅರ್ಧ ನಿಜ. ಆದರೆ ಕರುಳಿನ ಸೆರೊಟೊನಿನ್ ಮಿದುಳಿಗೆ ದಾಟುವುದಿಲ್ಲ. ಕರುಳಿಗೂ ಮನಸ್ಸಿಗೂ ನಂಟಿದೆ, ಬೇರೆ ದಾರಿಗಳಿಂದ. ಅದನ್ನು ನಂಬಿ ಮಾತ್ರೆ ಬಿಟ್ಟರೆ ನಷ್ಟ ಆಗುವುದು ಬಿಟ್ಟವರಿಗೆ.

ಹೆಜ್ಜೆ 5: ಕಾಫಿ

ಬೆಂಗಳೂರಿನಲ್ಲಿ ಕಾಫಿ ಬಿಡಿ ಎಂದರೆ ಕೇಳುವವರು ಯಾರು? ಬಿಡಬೇಕಾಗಿಯೂ ಇಲ್ಲ, ಹೊತ್ತು ಬದಲಿಸಿದರೆ ಎಷ್ಟೋ ಆಯಿತು. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಸ್ಟ್ರಾಂಗ್ ಕಾಫಿ ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಲೋಟ ಮೈಯಲ್ಲಿ ಇರುತ್ತದೆ. ಮಲಗಿದರೂ ನಿದ್ದೆ ಆಳಕ್ಕೆ ಇಳಿಯುವುದಿಲ್ಲ. ಪ್ಯಾನಿಕ್ ಬರುವವರಿಗೆ ಎದೆ ಬಡಿತ, ಕೈ ನಡುಕ ಕಾಫಿಯಿಂದಲೂ ಬರುತ್ತದೆ, ಅದನ್ನು ಮನಸ್ಸು ಅಪಾಯ ಎಂದೇ ಓದುತ್ತದೆ.

ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಅದು ಒಂದು. ಖಾಲಿ ಹೊಟ್ಟೆಗೆ ಬೇಡ. ಅದು ಇನ್ನೊಂದು. ಮೊದಲು ಬಾಳೆಹಣ್ಣೋ ಎರಡು ಇಡ್ಲಿಯೋ, ಒಂದು ಗಂಟೆ ಬಿಟ್ಟು ಕಾಫಿ. ಹೊರಗೆ ಹೋದಾಗ ಬೈ ಟು ಕುಡಿಯಿರಿ. ಪುಡಿಯಲ್ಲಿ ಚಿಕೋರಿ ಜಾಸ್ತಿ ಹಾಕಿಸಿದರೆ ಕೆಫೀನ್ ಅಷ್ಟು ಕಡಿಮೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಸಂಜೆಯ ಹೊತ್ತಿಗೆ ಲೋಟ ಹಿಡಿಯುವ ಅಭ್ಯಾಸ ಬಿಡದವರಿಗೆ ಮಲೆನಾಡಿನ ಕಷಾಯವೋ ಬಾದಾಮಿ ಹಾಲೋ ಕೊಡಿ. ಐದು ಲೋಟದಿಂದ ಒಂದೇ ದಿನ ಸೊನ್ನೆಗೆ ಇಳಿದರೆ ತಲೆನೋವು, ಮಂಕು ಒಂದು ವಾರದವರೆಗೂ ಕಾಡಬಹುದು. ವಾರಕ್ಕೆ ಒಂದು ಲೋಟದಂತೆ ಇಳಿಸಿ.

ಲಿಥಿಯಂ ಅಥವಾ ಕ್ಲೋಜಪಿನ್ ಎಂಬ ಮಾತ್ರೆ ತಗೊಳ್ಳುವವರು ಕಾಫಿಯನ್ನು ದಿಢೀರನೆ ಹೆಚ್ಚಿಸುವುದೂ ಬೇಡ, ದಿಢೀರನೆ ನಿಲ್ಲಿಸುವುದೂ ಬೇಡ. ರಕ್ತದಲ್ಲಿ ಮಾತ್ರೆಯ ಮಟ್ಟವೇ ಏರುಪೇರಾಗುತ್ತದೆ. ಡಾಕ್ಟರಿಗೆ ಹೇಳಿಯೇ ಬದಲಿಸಿ.

ಹೆಜ್ಜೆ 6: ಮಾತ್ರೆ ಮತ್ತು ಊಟವನ್ನು ಜೋಡಿಸಿ

ಮಾತ್ರೆಯ ಡಬ್ಬಿ ಊಟದ ಜಾಗದಲ್ಲೇ ಇರಲಿ, ತಟ್ಟೆ ಬಂತೆಂದರೆ ಮಾತ್ರೆಯೂ ನೆನಪಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಮಾತ್ರ ಎತ್ತರದಲ್ಲಿ, ಬೀಗ ಹಾಕಿ ಇಡಿ. ತನಗೇ ಹಾನಿ ಮಾಡಿಕೊಳ್ಳುವ ಭಯ ಇರುವ ಮನೆಯಲ್ಲಿ ಡಬ್ಬಿ ಮತ್ತೊಬ್ಬರ ಕೈಯಲ್ಲಿರಲಿ.

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳಿಂದ ಮೊದಲ ಒಂದೆರಡು ವಾರ ಹೊಟ್ಟೆ ತೊಳಸಬಹುದು. ಗುಣ ಕಾಣುವ ಮೊದಲೇ ಈ ತೊಂದರೆ ಬರುವುದರಿಂದ ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಊಟದ ಜೊತೆ ತಗೊಂಡರೆ, ಶುಂಠಿ ಹಾಕಿದ ನೀರುಮಜ್ಜಿಗೆ, ತೆಳು ಗಂಜಿ, ಒಣ ಟೋಸ್ಟ್ ಇಟ್ಟುಕೊಂಡರೆ ಆ ದಿನಗಳು ದಾಟುತ್ತವೆ. ಲುರಾಸಿಡೋನ್ ಎಂಬ ಮಾತ್ರೆಯನ್ನು ಕನಿಷ್ಠ 350 ಕ್ಯಾಲರಿಯ ಊಟದ ಜೊತೆಗೇ ತಗೊಳ್ಳಬೇಕು. ಬಿಸ್ಕತ್ತಿನ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆ ಇದಕ್ಕೆ ಉಲ್ಟಾ. ಖಾಲಿ ಹೊಟ್ಟೆಗೆ, ನೀರಿನ ಜೊತೆ. ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಲಿಥಿಯಂ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕು. ಅದು ಮೈಯಲ್ಲಿನ ಉಪ್ಪು ನೀರಿನ ಜೊತೆ ಏರಿಳಿಯುತ್ತದೆ. ಬಿಪಿ ಬಂತೆಂದು ಒಂದೇ ಸಲ ಉಪ್ಪು ಬಿಟ್ಟರೆ, ಏಕಾದಶಿಗೋ ರಂಜಾನ್‌ಗೋ ನೀರು ಬಿಟ್ಟು ಉಪವಾಸ ಮಾಡಿದರೆ, ವಾಂತಿ ಭೇದಿ ಆದರೆ, ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆ. ದಿನವೂ ಒಂದೇ ಅಳತೆಯ ಉಪ್ಪು, ಒಂದೇ ಅಳತೆಯ ನೀರು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ನೀರಿನ ಬಾಟಲಿ ಕೈಯಲ್ಲೇ ಇರಲಿ. ಉಪವಾಸ ಮಾಡಲೇಬೇಕೆಂದಿದ್ದರೆ ಮೊದಲೇ ಡಾಕ್ಟರನ್ನು ಕೇಳಿ.

ದೇವನಹಳ್ಳಿಯ ಚಕ್ಕೋತ ನಮ್ಮ ಊರಿನ ಹೆಮ್ಮೆ, ಭೌಗೋಳಿಕ ಗುರುತು ಪಡೆದ ಹಣ್ಣು. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಕೆಲವು ಮಾತ್ರೆಗಳು ಮೈಯಲ್ಲಿ ಒಡೆದು ಹೋಗದಂತೆ ತಡೆದು ಅವುಗಳ ಮಟ್ಟ ಏರಿಸುತ್ತದೆ. ಚಕ್ಕೋತದಲ್ಲೂ ಅಂಥ ಅಂಶಗಳಿವೆ. ಕ್ವಿಟಿಯಾಪಿನ್, ಕಾರ್ಬಮಜೆಪಿನ್, ಬಸ್ಪಿರೋನ್ ತಗೊಳ್ಳುವವರು ಕೇಳದೆ ತಿನ್ನಬೇಡಿ. ಅಶ್ವಗಂಧ, ಬ್ರಾಹ್ಮಿ ಪುಡಿಗಳನ್ನೂ ಅಷ್ಟೇ. ಗಿಡಮೂಲಿಕೆ ಎಂದರೆ ಮಾತ್ರೆಯ ಜೊತೆ ಜಗಳ ಆಡುವುದಿಲ್ಲ ಎಂದೇನಿಲ್ಲ. ಮದ್ಯವಂತೂ ಬೇಡವೇ ಬೇಡ, ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟಕ್ಕೇ ತೊಂದರೆ. ಆದರೆ ದಿನವೂ ಜಾಸ್ತಿ ಕುಡಿಯುತ್ತಿದ್ದವರು ಮನೆಯಲ್ಲಿ ದಿಢೀರನೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು. ಅದನ್ನು ಆಸ್ಪತ್ರೆಯ ಸಹಾಯದಿಂದಲೇ ಬಿಡಿಸಬೇಕು.

ಹೆಜ್ಜೆ 7: ಹಸಿವು ಜಾಸ್ತಿಯಾದಾಗ

ಒಲಾಂಜಪಿನ್, ಕ್ಲೋಜಪಿನ್, ಮಿರ್ಟಾಜಪಿನ್ ತಗೊಳ್ಳುವವರಿಗೆ ಕೆಲವು ವಾರದಲ್ಲಿ ಹಸಿವು ಕಟ್ಟಿಹಾಕಲು ಆಗದಷ್ಟು ಬರಬಹುದು. ಅದರಲ್ಲೂ ಸಿಹಿಯ ಆಸೆ. ಇದು ಬಾಯಿ ಚಪಲ ಅಲ್ಲ, ಮಾತ್ರೆಯ ಕೆಲಸ. ನನ್ನ ತಮ್ಮ ಎಂಟು ಕಿಲೊ ಹೆಚ್ಚಿದ. ಒಂದು ಮದುವೆಯಲ್ಲಿ ನೆಂಟರೊಬ್ಬರು "ಏನಪ್ಪಾ, ಚೆನ್ನಾಗಿ ತಿಂತಾ ಇದ್ದೀಯ" ಎಂದರು. ಮಾರನೇ ದಿನದಿಂದ ಅವನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಆರು ವಾರಕ್ಕೆ ಕಾಯಿಲೆ ಮರಳಿತು. ಆ ಒಂದು ಮಾತಿನ ಬೆಲೆ ನಮಗೆ ಗೊತ್ತು.

ಮಾತ್ರೆ ಶುರುವಾದ ದಿನವೇ ತೂಕ, ಶುಗರ್, ಕೊಬ್ಬಿನಂಶ ಪರೀಕ್ಷೆ ಮಾಡಿಸಿ ಬರೆದಿಡಿ. ಮೂರು ತಿಂಗಳಿಗೆ ಮತ್ತೆ ಮಾಡಿಸಿ. ತೂಕ ಏರುವುದು ಕಂಡ ಕೂಡಲೇ ಡಾಕ್ಟರಿಗೆ ಹೇಳಿ. ಮಾತ್ರೆ ಬದಲಿಸಲು, ಬೇರೆ ಮಾತ್ರೆ ಸೇರಿಸಲು ಅವರಿಗೆ ದಾರಿಗಳಿವೆ. ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ತಂಪು ಪಾನೀಯದ ಬಾಟಲಿ, ಚಿಪ್ಸ್ ಮನೆಗೇ ತರಬೇಡಿ, ಯಾರಿಗೂ ತರಬೇಡಿ. ಒಬ್ಬರಿಗೆ ಮಾತ್ರ ಪಥ್ಯ ಹಾಕಿದರೆ ಅದು ಶಿಕ್ಷೆಯಾಗುತ್ತದೆ. ಊಟದ ಮೊದಲು ಒಂದು ಬಟ್ಟಲು ಕೋಸಂಬರಿ ಅಥವಾ ತಿಳಿಸಾರು. ಅನ್ನಕ್ಕಿಂತ ಮೊದಲು ಪಲ್ಯ ಬಡಿಸಿ. ರಾತ್ರಿ ಹಸಿವಿಗೆ ಮೊಳಕೆ ಹೆಸರುಕಾಳು, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು ಕಣ್ಣಿಗೆ ಬೀಳುವ ಹಾಗಿಡಿ. ಮಲಬದ್ಧತೆಗೂ ಇದು ಒಳ್ಳೆಯದು. ಕ್ಲೋಜಪಿನ್ ತಗೊಳ್ಳುವವರಿಗೆ ಮೂರು ದಿನ ಮಲವಾಗದಿದ್ದರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ, ಅದು ಅಪಾಯಕ್ಕೆ ತಿರುಗಬಹುದು.

ಹೆಜ್ಜೆ 8: ಪಿಜಿಯಲ್ಲಿ, ಆಫೀಸಿನಲ್ಲಿ, ಒಬ್ಬರೇ ಇರುವಾಗ

ಬಿಟಿಎಂ, ಮಾರತಹಳ್ಳಿಯ ಪಿಜಿಗಳಲ್ಲಿ ಇರುವವರು ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಬಂದ ಮಕ್ಕಳು. ಒಲೆ ಇಲ್ಲ, ಪಿಜಿ ಊಟ ಸೇರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಫೋನ್‌ನಲ್ಲಿ ಬಿರಿಯಾನಿ ಬರುತ್ತದೆ. ಇವರಿಗೆ ನನ್ನ ಸಲಹೆ ದರ್ಶಿನಿ. ಒಂದೇ ದರ್ಶಿನಿ, ಒಂದೇ ಹೊತ್ತು. ಇಡ್ಲಿ ಜೊತೆ ಸಾಂಬಾರ್ ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಳ್ಳಿ. ನಡೆದು ಹೋಗಿ ಬಂದರೆ ಬಿಸಿಲೂ ಸಿಗುತ್ತದೆ, "ಬನ್ನಿ ಸರ್, ಅದೇನಾ?" ಎಂದು ಕೇಳುವ ಒಬ್ಬರು ಸಿಗುತ್ತಾರೆ. ಮನಸ್ಸು ಸೋತಿರುವ ದಿನ ಆ ಒಂದು ಮಾತೂ ಊಟವೇ. ಕೈಯಲ್ಲಿ ದುಡ್ಡಿಲ್ಲದಿದ್ದರೆ 2017ರಲ್ಲಿ 5 ರೂಪಾಯಿ ತಿಂಡಿ, 10 ರೂಪಾಯಿ ಊಟ ಎಂದು ಶುರುವಾದ ಇಂದಿರಾ ಕ್ಯಾಂಟೀನ್ ಇದೆ. ಹಣ್ಣಿಗೆ ಹತ್ತಿರದ ಹಾಪ್‌ಕಾಮ್ಸ್ ಮಳಿಗೆ. ಹಿಂದೆ ಹೇಳಿದ ಶೆಲ್ಫ್ ಪಿಜಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಾಗಲಿ, ಮಂಚದ ಕೆಳಗಿರಲಿ.

ನೈಟ್ ಶಿಫ್ಟ್‌ನವರು ಏಳುವ ಹೊತ್ತನ್ನೇ ಬೆಳಗು ಎಂದುಕೊಂಡು ಮೂರು ಹೊತ್ತು ಗೊತ್ತುಮಾಡಿಕೊಳ್ಳಿ. ಸಾಧ್ಯವಾದರೆ ಡಾಕ್ಟರ್ ಪತ್ರ ಕೊಟ್ಟು ಹಗಲು ಶಿಫ್ಟ್ ಕೇಳಿ.

ಹೆಜ್ಜೆ 9: ಕೈಗೆ ಅಡುಗೆ ಕೆಲಸ ಮರಳಿ ಕೊಡಿ

ತಿನ್ನಿಸುವುದರಲ್ಲೇ ಮುಳುಗಿದ ನಮಗೆ ಇದು ತಡವಾಗಿ ಹೊಳೆಯಿತು. ಎಲ್ಲರೂ ಬಡಿಸುತ್ತಲೇ ಇದ್ದರೆ ಕಾಯಿಲೆಯವರು ಮನೆಯಲ್ಲಿ ಅತಿಥಿಯಾಗಿಬಿಡುತ್ತಾರೆ. ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದ ತರಬೇತಿಗಳಲ್ಲಿ ಬೇಕರಿ ಕೆಲಸವೂ ಇರುವುದು ಸುಮ್ಮನೆ ಅಲ್ಲ. ಅಳೆಯುವುದು, ಕಲಸುವುದು, ಕಾಯುವುದು, ಕೊನೆಗೆ ತಾನು ಮಾಡಿದ್ದನ್ನು ಇನ್ನೊಬ್ಬರು ತಿನ್ನುವುದು.

ಚಾಕು, ಒಲೆ ಇಲ್ಲದ ಕೆಲಸದಿಂದ ಶುರು ಮಾಡಿ. ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು. ಹತ್ತು ನಿಮಿಷದ್ದು ಸಾಕು. ಪಕ್ಕದಲ್ಲಿ ಕೂತು ನೀವೂ ಮಾಡಿ. ಮಾತಾಡಲೇಬೇಕೆಂದಿಲ್ಲ. ಆಮೇಲೆ ಅನ್ನಕ್ಕೆ ನೀರು ಅಳೆಯುವುದು, ಒಗ್ಗರಣೆ, ಒಂದು ದಿನದ ಸಾರು.

ಡಿಸೆಂಬರ್ ಜನವರಿಯಲ್ಲಾದರೆ ಅವರೆಕಾಯಿ ತನ್ನಿ, ಸೊಗಡು ಇರುವುದನ್ನೇ ಆರಿಸಿ. ಕಾಳು ಬಿಡಿಸಿ ರಾತ್ರಿ ನೀರಲ್ಲಿ ನೆನೆಹಾಕಿ. ಮಾರನೇ ದಿನ ಪಾತ್ರೆಯನ್ನು ಮಧ್ಯೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂರಿ. ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ನಮ್ಮ ಮನೆಯಲ್ಲಿ ಆ ದಿನ ಒಂದು ಬೇಳೆ ಅಮ್ಮನ ಕನ್ನಡಕಕ್ಕೆ ಬಡಿಯಿತು. ನನ್ನ ತಮ್ಮ ನಕ್ಕ. ಎಷ್ಟು ತಿಂಗಳ ಮೇಲೋ ಲೆಕ್ಕ ಹಾಕಲು ಯಾರಿಗೂ ಹೊಳೆಯಲಿಲ್ಲ, ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳು ಉಳಿದಿತ್ತು. "ಅಕ್ಕ, ಸಾರಿಗೆ ಕಾಯಿ ನಾನು ತುರೀತೀನಿ" ಎಂದ. ರಾತ್ರಿ ಎಂಟಕ್ಕೆ ಊಟಕ್ಕೆ ಕೂತೆವು.